ಎತ್ತರ ಅಳೆಯುವ ಪಂಪಕ್ಕ

ಬೆಳಗಿನ ಐದೂವರೆ. ಅಂಗಡಿಯ ಷಟರ್ ಇನ್ನೂ ಸೊಂಟದೆತ್ತರಕ್ಕಷ್ಟೇ ಎದ್ದಿದೆ. ಬಗ್ಗಿ ಒಳಗೆ ಹೋದರೆ ಬಣ್ಣದ ಮೀನುಗಳ ಗಾಜಿನ ತೊಟ್ಟಿಗಳ ಸಾಲು, ಅದರ ಹಿಂದೆ ಒಂದು ಕಿರಿದಾದ ಕೋಣೆ. ಅಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಕಬ್ಬಿಣದ ಏಣಿಗೆ ಪೈಪು ಕಟ್ಟುತ್ತಿದ್ದಾರೆ. ಪೈಪಿನ ಒಂದು ತುದಿ ನೆಲದ ಮೇಲಿನ ಟಬ್ಬಿನಲ್ಲಿ ಮುಳುಗಿದ ಪುಟ್ಟ ಪಂಪಿಗೆ ಸೇರಿದೆ, ಇನ್ನೊಂದು ತುದಿ ಏಣಿಯ ಮೇಲಿಟ್ಟ ಬಕೆಟ್ಟಿನಲ್ಲಿದೆ. ಸ್ವಿಚ್ ಹಾಕಿ, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಪಂಪು ಗುಂಯ್ ಎನ್ನುತ್ತದೆ. ಮೇಲೆ ಬಕೆಟ್ಟಿಗೆ ಬೀಳುವುದು ನಾಲ್ಕು ಹನಿ.

“ಡಬ್ಬದ ಮೇಲೆ ಗಂಟೆಗೆ ಸಾವಿರ ಲೀಟರ್ ಅಂತ ಬರ್ಕೊಂಡಿದಾನೆ ನೋಡಿ ಪುಣ್ಯಾತ್ಮ,” ಎನ್ನುತ್ತಾರೆ. “ನೀರನ್ನ ಮೇಲಕ್ಕೆ ಎತ್ತದೆ ಇದ್ರೆ ಸಾವಿರ. ಎತ್ತು ಅಂದ್ರೆ ಇದಕ್ಕೆ ಉಸಿರೇ ಇಲ್ಲ.”

ಬೀದಿಯವರಿಗೆ ಇವರು ಪಂಪಕ್ಕ. ಅಂಗಡಿ ತಮ್ಮನದು. ಮುಂದೆ ಕೂತು ಮೀನು ಮಾರುವವನು, ಗಿರಾಕಿಗಳಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವವನು ಅವನೇ. ಯಾವ ತೊಟ್ಟಿಗೆ ಯಾವ ಪಂಪು, ಎಷ್ಟು ಕಡಿಮೆ ಕರೆಂಟಿನಲ್ಲಿ ಎಷ್ಟು ನೀರು ಎಂದು ತೀರ್ಮಾನಿಸುವುದು ಮಾತ್ರ ಹಿಂದಿನ ಕೋಣೆ. “ನಮ್ಮಕ್ಕ ಪಂಪಿನ ನಾಡಿ ಹಿಡಿದು ನೋಡ್ತಾಳೆ ಸಾರ್,” ಎಂದು ತಮ್ಮ ನಗುತ್ತಾನೆ. ಅದು ತಮಾಷೆಯಷ್ಟೇ ಅಲ್ಲ. ಇಪ್ಪತ್ತೆರಡು ವರ್ಷ ಫ್ಯಾನ್ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತಿದ ಅಕ್ಕನಿಗೆ ಅಲ್ಲಿನ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಕಾರ್ಖಾನೆ ಮುಚ್ಚಿದ ಮೇಲೆ ಕಿವುಡಿಗೆ ಯಾರು ಕೆಲಸ ಕೊಡುತ್ತಾರೆ? ತಮ್ಮನ ಹಿಂದಿನ ಕೋಣೆಗೆ ಬಂದರು. ಪಂಪು ಸರಿಯಾಗಿ ತಿರುಗುತ್ತಿದೆಯೇ ಎಂದು ಉಳಿದವರು ಕಿವಿಗೊಟ್ಟು ಕೇಳಿದರೆ ಇವರು ಅದರ ಮೇಲೆ ಎರಡು ಬೆರಳಿಡುತ್ತಾರೆ.

ಇವತ್ತಿನ ಕೆಲಸಕ್ಕೆ ಗಡುವಿದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬೀದಿಗೆ ಕರೆಂಟಿಲ್ಲ, ತಂತಿ ಬದಲಾಯಿಸುತ್ತಾರಂತೆ. ಮೂರು ಅಂಗಡಿ ಆಚೆಯ ಟೈಲರ್ ಹತ್ತಿರ ಇನ್ನೂರು ಲೀಟರಿನ ತೊಟ್ಟಿ, ಅದರಲ್ಲಿ ಹನ್ನೊಂದು ಗೋಲ್ಡ್‌ಫಿಶ್. ತೊಟ್ಟಿಯ ನೀರು ಕೆಳಗಿನ ಕಪಾಟಿನ ಟಬ್ಬಿಗಿಳಿದು ಸೋಸಿಕೊಳ್ಳುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಹಾಕುತ್ತದೆ. ಪಂಪು ನಿಂತರೆ ನೀರಿಗೆ ಗಾಳಿ ಸೇರುವುದಿಲ್ಲ. ಟೈಲರ್ ಹತ್ತಿರ ಸಣ್ಣದೊಂದು ಬ್ಯಾಟರಿಯಿದೆ. ಆದರೆ ಅವರ ಅರವತ್ತು ವಾಟಿನ ಪಂಪು ಅದನ್ನು ಎರಡೂವರೆ ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಬ್ಯಾಟರಿ ಎಂಟು ಗಂಟೆ ಬರಬೇಕು, ನೀರು ಮೇಲಕ್ಕೂ ಹೋಗಬೇಕು.

ಇಷ್ಟೇ ಆಗಿದ್ದರೆ ಪಂಪಕ್ಕನಿಗೆ ಇದು ದಿನನಿತ್ಯದ ಕೆಲಸವಾಗಿರುತ್ತಿತ್ತು. ಆರು ವರ್ಷದ ಹಿಂದೆ ಇದೇ ಟೈಲರ್ “ಕರೆಂಟು ಕಡಿಮೆ ತಿನ್ನೋದು ಕೊಡಮ್ಮ” ಎಂದು ಬಂದಿದ್ದರು. ಇವರು ಡಬ್ಬಗಳನ್ನು ಸಾಲಾಗಿಟ್ಟು, ವಾಟು ಕಡಿಮೆ ಲೀಟರ್ ಹೆಚ್ಚು ಇದ್ದದ್ದನ್ನು ಆರಿಸಿ ಕೊಟ್ಟರು. ಆ ಲೀಟರು ಪಂಪಿನ ಬಾಯಿಯ ಮಟ್ಟದ್ದು, ನಾಲ್ಕಡಿ ಮೇಲಿನದ್ದಲ್ಲ ಎನ್ನುವುದು ಆಗ ಹೊಳೆಯಲಿಲ್ಲ. ರಾತ್ರಿಯೆಲ್ಲ ಪಂಪು ಗುಂಯ್‌ಗುಟ್ಟಿತು, ನೀರು ಮೇಲಕ್ಕೆ ಹೋಗಲಿಲ್ಲ. ಬೆಳಗ್ಗೆ ಒಂಬತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಅವರು ಕೂಗಾಡಲಿಲ್ಲ. ಪಂಪು ತಂದು ಇಲ್ಲಿಟ್ಟರು,” ಎನ್ನುತ್ತಾ ಪಂಪಕ್ಕ ಮೇಜಿನ ಮೂಲೆ ತೋರಿಸುತ್ತಾರೆ. “‘ನಾನು ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತೀನಾ?’ ಅಂದ್ರು. ಅಷ್ಟೇ. ಆಮೇಲೆ ಮಾತಿಲ್ಲ. ಬೈದಿದ್ರೆ ಎರಡು ದಿನಕ್ಕೆ ಮರೀತಿದ್ದೆ. ಇದು ಮರೆಯೋಕೆ ಆಗ್ಲಿಲ್ಲ.”

ಅವತ್ತೇ ಒಂದು ಟೇಪು ಕೊಂಡರು, ಗುಜರಿಯಿಂದ ಏಣಿ ತಂದರು. ಅಂದಿನಿಂದ ಗಿರಾಕಿಯ ಮನೆಯ ಎತ್ತರ ಕೇಳದೆ ಪಂಪು ಕೊಡುವುದಿಲ್ಲ. ಗೊತ್ತಿಲ್ಲ ಎಂದರೆ ವಾಪಸ್ ಕಳಿಸುತ್ತಾರೆ. ತಮ್ಮ ತಲೆ ಚಚ್ಚಿಕೊಳ್ಳುತ್ತಾನೆ. ದಿನಕ್ಕೆ ಐದಾರು ರಿಪೇರಿ, ಹತ್ತು ಹನ್ನೆರಡು ಜನರ ಪ್ರಶ್ನೆ. ಅವರಲ್ಲಿ ಅರ್ಧದಷ್ಟು ಮಂದಿ ಕೇಳಿದ್ದಕ್ಕಿಂತ ಚಿಕ್ಕ ಪಂಪು ಹಿಡಿದು ಹೋಗುತ್ತಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನನ್ನ ಮನೆಯ ತೊಟ್ಟಿಯ ಕಥೆ ಕೇಳಿ ಪಂಪಕ್ಕ ಬಿದ್ದು ಬಿದ್ದು ನಕ್ಕರು. ಟ್ರಂಕಿನಷ್ಟೇ ಇರುವ ಪುಟ್ಟ ತೊಟ್ಟಿಗೆ ನಾನು ನಲವತ್ತೈದು ವಾಟಿನದು ಹಾಕಿದ್ದೇನೆ, ನಮ್ಮ ಮನೆಯ ಮೀನುಗಳು ಈಜುವುದಿಲ್ಲ, ಕೊಚ್ಚಿಕೊಂಡು ಹೋಗುತ್ತವೆ. “ದಿನಕ್ಕೆ ಒಂದು ಯೂನಿಟ್ ಉರಿಸಿ ಅವಕ್ಕೆ ಶಿಕ್ಷೆ ಕೊಡ್ತಿದೀರಲ್ಲ, ಏನು ತಪ್ಪು ಮಾಡಿದ್ವು?” ಎಂದು ಕೇಳಿದರು.

ನಿನ್ನೆ ಸಂಜೆ ಬಂದವರು ಟೈಲರ್ ಅಲ್ಲ, ಅವರ ಹೆಂಡತಿ. “ಅವರು ಕಳಿಸಿಲ್ಲ, ನಾನೇ ಬಂದೆ. ಅವರಿಗೆ ಹೇಳ್ಬೇಡಿ ಅನ್ನೋಕೂ ಆಗಲ್ಲ, ಅಲ್ಲಿಗೇ ಬಂದು ಅಳೀಬೇಕಲ್ಲ.” ಪಂಪಕ್ಕ ಟೇಪು ಹಿಡಿದು ಹೋದರು. ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಟಬ್ಬಿನ ನೀರಿನಿಂದ ತೊಟ್ಟಿಯ ನೀರಿಗೆ ಅಳೆದು ಇವರು “ನಾಲ್ಕೂಕಾಲು ಅಡಿ” ಎಂದರೆ, ಯಂತ್ರದ ಕಡೆಯಿಂದ ಜೋರು ದನಿ ಬಂತು: “ನಾಲ್ಕೂವರೆ. ಪೈಪು ಬಗ್ಗೋ ಜಾಗ ನೀರಿಗಿಂತ ಮೇಲಿದೆ.” ಮತ್ತೆ ಅಳೆದರೆ ನಾಲ್ಕೂವರೆಯೇ. ಆರು ವರ್ಷದಲ್ಲಿ ಅವರಾಡಿದ ಮೊದಲ ಮಾತು ತಿದ್ದುಪಡಿ.

ಈಗ ಏಣಿಯಲ್ಲೂ ನಾಲ್ಕೂವರೆ ಅಡಿ. ಹತ್ತು ಲೀಟರಿನ ಬಕೆಟ್ಟು ಒಂದು ನಿಮಿಷದೊಳಗೆ ತುಂಬಬೇಕು. ಎರಡನೆಯ ಪಂಪು ಮೂವತ್ತೈದು ಸೆಕೆಂಡಿಗೇ ತುಂಬಿಸುತ್ತದೆ, ಆದರೆ ಅದು ನಲವತ್ತು ವಾಟು, ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತದೆ. ಮೂರನೆಯದು ಹದಿನಾಲ್ಕು ವಾಟು, ಬ್ಯಾಟರಿಯಿಂದ ನೇರವಾಗಿ ಓಡುವಂಥದ್ದು. ಎಪ್ಪತ್ತೊಂದು ಸೆಕೆಂಡು. ಪಂಪಕ್ಕ ಮೂಗು ಮುರಿಯುತ್ತಾರೆ. ಪಂಪು ಬಿಟ್ಟು ಪೈಪು ಬಿಚ್ಚುತ್ತಾರೆ, ಬೆರಳಷ್ಟು ಸಣ್ಣದನ್ನು ತೆಗೆದು ಅಗಲವಾದದ್ದನ್ನು ಹಾಕಿ, ಸುಮ್ಮನೆ ಇದ್ದ ಒಂದು ತಿರುವನ್ನು ತೆಗೆದುಹಾಕುತ್ತಾರೆ. ಐವತ್ತಾರು ಸೆಕೆಂಡು. “ಜನ ಪಂಪಿಗೆ ಬೈತಾರೆ. ಪಾಪ, ಅದರ ಕುತ್ತಿಗೆ ಹಿಸುಕಿರೋದು ಪೈಪು.”

ಎಂಟಕ್ಕೆ ಆ ಪಂಪನ್ನೂ ಅಗಲದ ಪೈಪನ್ನೂ ಟೈಲರ್ ಅಂಗಡಿಯಲ್ಲಿ ಜೋಡಿಸಿ ಬಂದರು. ಒಂಬತ್ತಕ್ಕೆ ಕರೆಂಟು ಹೋಯಿತು. ಅಲ್ಲಿಂದ ಮುಂದೆ ಟೈಲರ್ ಅಂಗಡಿ ದಾಟಿಯೇ ಹೋಗಬೇಕಾದ ಕೆಲಸಗಳು ಪಂಪಕ್ಕನಿಗೆ ಒಂದರ ಹಿಂದೊಂದು ಹುಟ್ಟಿಕೊಂಡವು. ಹತ್ತಕ್ಕೆ ಒಂದು ಸಲ, ಹನ್ನೆರಡಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ. “ಇವತ್ತು ಅಕ್ಕನಿಗೆ ಊರೆಲ್ಲ ಆ ಕಡೆಗೇ ಇದೆ,” ಎಂದ ತಮ್ಮ.

ಐದಾಯಿತು, ಕರೆಂಟು ಬರಲಿಲ್ಲ. ಐದೂ ಮುಕ್ಕಾಲಾಯಿತು. ಬ್ಯಾಟರಿ ತಡೆಯುತ್ತದೆಯೇ ಎಂದು ಕೇಳಿದೆ. “ಲೆಕ್ಕದ ಪ್ರಕಾರ ತಡೀಬೇಕು,” ಎಂದರು. ಟೇಪನ್ನು ಒಂದಡಿ ಎಳೆದು ಮತ್ತೆ ಸುತ್ತುತ್ತಾ, “ಅವತ್ತೂ ಲೆಕ್ಕ ಸರಿಯಾಗೇ ಇತ್ತಲ್ಲ,” ಎಂದರು.

ಆರೂ ಇಪ್ಪತ್ತಕ್ಕೆ ಬೀದಿಯ ದೀಪಗಳು ಹೊತ್ತಿಕೊಂಡವು. ಪಂಪಕ್ಕ ಏಳಲಿಲ್ಲ, ಹೋಗಿ ನೋಡುವ ಧೈರ್ಯ ಸಾಲಲಿಲ್ಲ. ಹತ್ತು ನಿಮಿಷದಲ್ಲಿ ಟೈಲರ್ ತಾವೇ ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಕೇಳಿಸಲಿ ಎಂದು ಪಂಪಕ್ಕನ ಬಲಗಡೆಗೆ ಬಂದು, ಜೋರಾಗಿ ಹೇಳಿದರು: “ಹನ್ನೊಂದೂ ಚೆನ್ನಾಗಿವೆ ಕಣಮ್ಮ.” ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಮಗಳ ಮನೇಲೂ ಒಂದು ತೊಟ್ಟಿ ಇದೆ. ಎತ್ತರ ಬರ್ಕೊಂಡು ಬಂದಿದೀನಿ. ಪಂಪು ನೀವೇ ಆರಿಸಿ.”

ಅವರು ಹೋದ ಮೇಲೆ ಪಂಪಕ್ಕ ಚೀಟಿಯನ್ನು ಎರಡು ಸಲ ಓದಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದೆ.

“ನನ್ನ ಬಗ್ಗೆ ಏನು ಬರೀತೀರ? ಪಂಪು ತಗೊಳ್ಳೋ ಮುಂಚೆ ಎತ್ತರ ಅಳೀರಿ ಅಂತ ಬರೀರಿ. ನಾನು ಆರಿಸಿದ್ದು ಅವರ ಮಗಳ ಮನೇಗೆ ಹೋಗುತ್ತಲ್ಲ, ನನಗೆ ಅಷ್ಟು ಸಾಕು.”