ಒಳಗಿಂದ ಮಾಯಬೇಕು

ಕಾರ್ಖಾನೆಯ ಮೊದಲ ಪಾಳಿಯ ಬಸ್ಸು ವಾಸ್ಕೋ ಪಕ್ಕದ ಝುವಾರಿನಗರದ ಗಂಡಸರನ್ನು ತುಂಬಿಕೊಂಡು ಹೊರಟ ಮೇಲೆಯೇ ಮೌಲಾಬಿ ಪರದೆ ಎಳೆಯುತ್ತಾಳೆ. ಒಂದೇ ಕೋಣೆಯ ಮನೆ, ಅವಳ ಹಳೆಯ ಹಸಿರು ಸೀರೆಯೇ ಪರದೆ. ಪರ್ವೀನ ನಾಲ್ಕು ತಿಂಗಳ ಕೂಸನ್ನು ಆಚೆ ಕೂತ ಅತ್ತೆಯ ಮಡಿಲಿಗೆ ಕೊಟ್ಟು, ಪರದೆಯ ಹಿಂದೆ ನೈಟಿಯ ಗುಂಡಿ ಬಿಚ್ಚುತ್ತಾಳೆ. ಅವಳ ಎದೆಯ ಬಾವನ್ನು ಡಾಕ್ಟರು ಕೊಯ್ದು ಕೀವು ತೆಗೆದದ್ದು ಇದು ಮೂರನೆಯ ಸಲ. ಮೂರು ಸಲವೂ ಅದೇ ಜಾಗ.

ಮುದ್ದೇಬಿಹಾಳ ಕಡೆಯ ಮೌಲಾಬಿ ವಾಸ್ಕೋದ ನರ್ಸಿಂಗ್ ಹೋಮೊಂದರಲ್ಲಿ ಆಯಾ. ಕೊಯ್ದ ಗಾಯದೊಳಗೆ ಡಾಕ್ಟರು ಗಾಜ್ ಬಟ್ಟೆಯ ಬತ್ತಿ ಇಡುತ್ತಾರೆ. ಅದನ್ನು ದಿನಾ ಬದಲಿಸಬೇಕು. ಮೈದುನಂದಿರೂ ಇರುವ ಒಂಟಿ ಕೋಣೆಗಳಲ್ಲಿ ಹೆಣ್ಣುಮಕ್ಕಳಿಗೆ ಎದೆ ಬಿಚ್ಚಲು ಮೂಲೆಯಿಲ್ಲ. ಹಾಗಾಗಿ ಡಾಕ್ಟರಮ್ಮನೇ ಮೌಲಾಬಿಗೆ ಕೆಲಸ ಕಲಿಸಿ, ಈ ಹೆಂಗಸರನ್ನು ಅವಳ ಮನೆಗೆ ಕಳಿಸುತ್ತಾರೆ. ಯಾರಿಗಾದರೂ ಜ್ವರ ಬಂದರೆ ಮೌಲಾಬಿ ಏನನ್ನೂ ಮುಟ್ಟುವುದಿಲ್ಲ, ಕೈಹಿಡಿದು ಆಸ್ಪತ್ರೆಯ ಬಸ್ಸು ಹತ್ತಿಸುತ್ತಾಳೆ.

ಪರ್ವೀನಳ ಬತ್ತಿಯನ್ನು ಮೊದಲ ಸಲ ಕಿತ್ತದ್ದು ಅತ್ತೆ, ಬಾಣಂತಿಯ ನಲವತ್ತನೆಯ ದಿನದ ಸ್ನಾನಕ್ಕೆಂದು. ಅರಿಶಿನ ತುಂಬಿದಳು. ಮೇಲೆ ಚರ್ಮ ಕೂಡಿತು, ಒಳಗೆ ಕೀವು ಉಳಿಯಿತು. ಎರಡನೆಯ ಸಲವೂ ಅಷ್ಟೇ. ಮತ್ತೆ ಬಂದರೆ ದೊಡ್ಡ ಆಪರೇಷನ್ನೇ ಎಂದಿದ್ದಾರೆ ಡಾಕ್ಟರು.

“ನಾಳಿ ಶುಕ್ರವಾರ, ನಮಾಜಿಗೆ ಮೈ ಶುದ್ಧ ಇರಬೇಕು,” ಪರದೆಯಾಚೆಯಿಂದ ಅತ್ತೆಯ ದನಿ. “ಕೀವಿನ ಅರಬಿ ಬತ್ತಿ ಎದಿಯಾಗ ಇಟ್ಕೊಂಡು ಸ್ನಾನ ಮಾಡಿದ್ರ ಪಾಕ್ ಹ್ಯಾಂಗ ಆಗ್ತಾಳ?”

“ಬಾವಿ ತಳದಾಗ ಹೊಲಸ ಬಿಟ್ಟು ಮ್ಯಾಲ ಕಲ್ಲ ಮುಚ್ಚಿದ್ರ ನೀರು ಪಾಕ್ ಆಗ್ತದೇನ್ ಖಾಲಾ? ಗಾಯ ಒಳಗಿಂದ ಮಾಯಬೇಕು. ಮ್ಯಾಲಿನ ಬಾಯಿ ಕಡೀಕ ಮುಚ್ಚಬೇಕು.” ಹಳೆಯ ಬತ್ತಿ ಎಳೆಯುತ್ತ ಮೌಲಾಬಿ ಹೇಳುತ್ತಾಳೆ.

“ಆಸ್ಪತ್ರ್ಯಾಗ ಕಸಾ ಹೊಡ್ಯಾಕಿ, ಈಗ ಡಾಕ್ಟರ್ ಆಗ್ಯಾಳ.”

“ಈಗೂ ಕಸಾನ ಹೊಡ್ಯಾಕತ್ತೇನಿ ಖಾಲಾ. ಇದೂ ಕಸಾನ.”

ಪರ್ವೀನಳಿಗೆ ನೋವಿನ ನಡುವೆಯೇ ನಗು ಬರುತ್ತದೆ.

ಶುಕ್ರವಾರ ಬಸ್ಸು ಹೋದ ಮೇಲೆ ಪರ್ವೀನ ಒದ್ದೆ ಕೂದಲಲ್ಲಿ ಬರುತ್ತಾಳೆ. ಮೌಲಾಬಿ ಪರದೆ ಎಳೆಯುತ್ತಾಳೆ. ಗಾಯದ ಪಟ್ಟಿಯ ಮೇಲೆ, ತೊಳೆದ ಹಾಲಿನ ಪಾಕೀಟು ಬಿಚ್ಚಿ ಅಗಲ ಮಾಡಿ ಅಂಟಿಸಿದೆ. ನೀರು ತಾಗಿಲ್ಲ. ಬತ್ತಿ ಇದ್ದಲ್ಲೇ ಇದೆ.

“ಯಾರು ಕಟ್ಟಿದ್ರು?”

“ಅತ್ತಿ. ನಿಮಗ ಹೇಳಬ್ಯಾಡ ಅಂದಾರ.”

ಕುದಿಸಿ ಆರಿಸಿದ ನೀರಿನಿಂದ ಗಾಯದ ಸುತ್ತ ಒರೆಸುತ್ತ ಮೌಲಾಬಿ ಸಣ್ಣಗೆ ನಗುತ್ತಾಳೆ.

ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಮೌಲಾಬಿ ಪರದೆಯತ್ತ ನೋಡುತ್ತಾಳೆ. “ಸೀರಿ ಚಲೋ ಐತ್ರಿ ಅದು, ಅಂಚು ಇನ್ನೂ ಗಟ್ಟಿ ಐತಿ. ಇಂಥ ಗಾಯ ಹೊತ್ತು ಯಾರೂ ಇಲ್ಲಿ ಬರೋ ಜರೂರಿ ಇಲ್ಲ ಅನ್ನೂ ದಿನ ಬಂದ್ರ, ಒಗದು ಮತ್ತ ನಾನ ಉಡತೇನಿ.”