ಜವಳಗಿರಿಗೆ ನನಗಿಂತ ಮೊದಲೇ ಹೋದ ಸುದ್ದಿ

ಎಂಬತ್ತರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯ ‘ಕಂಪ್ಯೂಟರ್ ಜಾಲ ಮತ್ತು ಸಮಾಜ’ ಅಂತ ಒಂದು ಕೋರ್ಸ್ ಶುರುಮಾಡಿತು. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೇಷ್ಟ್ರು, ಸಮಾಜವನ್ನಾದರೂ ನೋಡಿಕೊಂಡು ಬಾ ಅಂತ ನನ್ನನ್ನು ಜವಳಗಿರಿ ಅನ್ನುವ ಹಳ್ಳಿಗೆ ಅಟ್ಟಿದರು. ಬಸ್ಸಿನಲ್ಲಿ ವಾಂತಿಯಾಗಿ ನಡುವೆ ತಳಿ ಅನ್ನುವ ಊರಿನಲ್ಲಿ ಇಳಿದೆ. ಅಂಗಿ ತೊಳೆದುಕೊಂಡು ಮುಂದಿನ ಬಸ್ಸಿಗೆ ಜವಳಗಿರಿ ಸೇರಿದೆ.

ಅಲ್ಲಿನ ಟೀ ಅಂಗಡಿಯ ಅಜ್ಜಿಗೆ ವಿವರಿಸಿದೆ: “ಈ ಜಾಲ ಬಂದರೆ ಒಂದೂರಿನ ಸುದ್ದಿ ಇನ್ನೊಂದೂರಿಗೆ ಗಳಿಗೆಯಲ್ಲಿ ಗೊತ್ತಾಗುತ್ತೆ.”

“ಅದಿರ್ಲಿ, ವಾಂತಿ ನಿಂತೋಯ್ತಾ ಸಾಮಿ?” ಅಂದಿತು ಅಜ್ಜಿ. “ಟೀ ಬ್ಯಾಡ, ಮಜ್ಜಿಗೆ ಕೊಡ್ತೀನಿ.”

ವಾಪಸ್ಸು ಬರುವಾಗ ಬೇರೆ ಬಸ್ಸು, ಬೇರೆ ಕಂಡಕ್ಟರ್. ನನ್ನ ಮುಖ ನೋಡಿದವನೇ ಕಿಟಕಿ ಪಕ್ಕ ಕೂತಿದ್ದವರನ್ನು ಎಬ್ಬಿಸಿ, ನನ್ನ ಕೈಗೊಂದು ನಿಂಬೆಹಣ್ಣು ಕೊಟ್ಟ.

ಜಾಲ ಬಂದರೆ ಹಳ್ಳಿಗಳ ಮೇಲೆ ಏನು ಪರಿಣಾಮ ಅಂತ ಪರೀಕ್ಷೆಯಲ್ಲಿ ಕೇಳಿದ್ದರು. ಸುದ್ದಿ ಸ್ವಲ್ಪ ನಿಧಾನವಾಗಬಹುದು ಅಂತ ಬರೆದೆ.