ಕೆಮ್ಮಲು ಸಿಕ್ಕ ಒಂದು ದಿನ

ನಮ್ಮವ್ವ ಸತ್ತದ್ದು ಹೊಟ್ಟೆಯ ಆಪರೇಷನ್‌ನಿಂದ ಅಲ್ಲ, ಕೆಮ್ಮದೆ. ಗಾಯದ ನೋವಿಗೆ ಹೆದರಿ ಕೆಮ್ಮು ನುಂಗುತ್ತಲೇ ಇದ್ದಳು. ಕಫ ಎದೆಯಲ್ಲಿ ಕಟ್ಟಿ, ಐದನೆಯ ದಿನ ಹೋಗಿಬಿಟ್ಟಳು. ಹಾಗಾಗಿ ಹೋದ ವರ್ಷ ಜಮಖಂಡಿಯ ದವಾಖಾನೆಯಲ್ಲಿ ನನ್ನ ಕರುಳಿನ ಗಡ್ಡೆ ತೆಗೆಯಬೇಕೆಂದಾಗ ನಾನು ಕತ್ತರಿಗೆ ಅಂಜಲಿಲ್ಲ, ಕೆಮ್ಮಿಗೆ ಅಂಜಿದೆ. ಬನಹಟ್ಟಿಯಲ್ಲಿ ಆಯುಷ್ಯವೆಲ್ಲ ಪವರ್‌ಲೂಮ್ ನಡೆಸಿ ಹತ್ತಿಯ ಧೂಳು ಕುಡಿದ ಎದೆ ನನ್ನದು.

ಅರವಳಿಕೆ ಕೊಡುವ ಡಾಕ್ಟರ್ ಮುಧೋಳ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಆಪರೇಷನ್ ದಿನ ಬೆಳಿಗ್ಗೆ ಅವ್ವನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು.

"ಕಾಕಾರ, ಹೊಟ್ಟಿ ಎರಡೂ ಪಕ್ಕಕ್ಕ ಇಂಜೆಕ್ಷನ್ ಕೊಟ್ಟು ಅಲ್ಲಿ ನರಾ ಮಲಗಸ್ತೀನಿ. ಅದೊಂದ ಔಷಧ ಆದ್ರ ಲಗೂನ ಇಳೀತೈತಿ. ಅದರ ಜೋಡಿ ಇನ್ನೊಂದು ಕೂಡಸ್ತೀನಿ. ನಾಳೆ ಮಧ್ಯಾಹ್ನದ ಮಟಾ ತಡೀಬಹುದು," ಎಂದರು.

ಆಪರೇಷನ್ ಮುಗಿದು ಸಂಜೆ ಪೂರ್ತಿ ಎಚ್ಚರವಾದಾಗ ಹೊಟ್ಟೆ ಬೇರೆ ಯಾರದೋ ಅನ್ನಿಸಿತು. ನೋವಿಲ್ಲ. ನಾನು ಮಿಸುಕಾಡದೆ ಬಿದ್ದುಕೊಂಡೆ. ಎಳೆ ಹರಿಯದೆ ಓಡುವ ಮಗ್ಗವನ್ನು ನೇಕಾರ ಮುಟ್ಟುವುದಿಲ್ಲ. ಮುಟ್ಟಿದರೆ ಹರಿಯುತ್ತದೆಂಬ ಅಂಜಿಕೆ. ಹೆಂಡತಿ, "ಒಮ್ಮಿ ಕೆಮ್ಮರೀ, ನರ್ಸ್ ಹೇಳ್ಯಾರ," ಎಂದಳು.

"ಸುಮ್ನ ಇರ. ನಡದ ಮಗ್ಗಕ್ಕ ಕೈ ಹಚ್ಚಬ್ಯಾಡ," ಎಂದು ಸಿಡುಕಿದೆ. ಗಂಟಲಲ್ಲಿ ಗೊರಗೊರ ಅನ್ನುತ್ತಿದ್ದುದನ್ನು ನುಂಗಿದೆ.

ಮರುದಿನ ಬೆಳಿಗ್ಗೆ ಡಾಕ್ಟರ್ ಬಂದು ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. "ಎಷ್ಟ ಸಲ ಕೆಮ್ಮೀರಿ?"

"ಒಮ್ಮಿನೂ ಇಲ್ರಿ. ತ್ರಾಸ ಇಲ್ಲಲ್ಲ, ಯಾಕ ಕೆಣಕೂದು ಅಂತ."

"ಕಾಕಾರ, ನೀವು ಹಾಯಾಗಿ ಮಲಗ್ಲಿ ಅಂತ ಆ ಔಷಧ ಕೂಡಿಸಿಲ್ರಿ. ಕೆಮ್ಮಲಿ, ಅಡ್ಡಾಡ್ಲಿ ಅಂತ ಕೂಡ್ಸೇನಿ. ಇನ್ನ ಮಧ್ಯಾಹ್ನದ ಮಟಾ ಅಷ್ಟ ಟೈಮ್ ಐತಿ."

ಅವ್ವ ನೋವಿಗೆ ನುಂಗಿದಳು. ನಾನು ನೋವಿಲ್ಲದೆಯೂ ನುಂಗಿದ್ದೆ. ನನ್ನಂಥ ಹುಂಬ ಮತ್ತೊಬ್ಬನಿರಲಿಕ್ಕಿಲ್ಲ.

ಹೆಂಡತಿ ಚೀಲದಲ್ಲಿದ್ದ ತನ್ನ ನೂಲಿನ ಸೀರೆಯನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದಳು. ಕೆಮ್ಮಿದೆ. ಮೊದಲು ಬರೀ ಗಾಳಿ. ಮೂರನೆಯ ಸಲಕ್ಕೆ ಕಫ ಕಿತ್ತು ಬಂತು. ಹೊಟ್ಟೆ ಜಗ್ಗಿತು, ಆದರೆ ನೋಯಲಿಲ್ಲ. ಅವಳ ಹೆಗಲು ಹಿಡಿದು ಬಾಗಿಲತನಕ ನಡೆದೆ, ಮತ್ತೆ ಬಂದು ಕೆಮ್ಮಿದೆ. ಪಕ್ಕದ ಹಾಸಿಗೆಯಲ್ಲಿದ್ದ ಗಲಗಲಿಯ ಮುದುಕ, "ಏನೋ ಮಾರಾಯಾ, ಇಲ್ಲೂ ಮಗ್ಗ ಚಾಲೂ ಮಾಡಿದೇನು?" ಎಂದ. ನಗಲಿಕ್ಕೂ ಆಯಿತು ನನಗೆ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ನೋವು ನಿಧಾನಕ್ಕೆ ಬಂತು. ಅಷ್ಟರಲ್ಲಿ ಎದೆ ಹಗುರಾಗಿತ್ತು. ಉಳಿದದ್ದನ್ನು ಗುಳಿಗೆ ನೋಡಿಕೊಂಡಿತು. ಸಂಜೆ ಡಾಕ್ಟರ್ ಮತ್ತೆ ಎದೆ ಕೇಳಿ, "ಛಲೋ ಐತ್ರಿ," ಎಂದರು. ಕೈ ಮುಗಿದೆ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಅವರು ಹೋದ ಮೇಲೆ, ಅವ್ವನಿಗೂ ಇಂಥದೊಂದು ದಿನ ಸಿಕ್ಕಿದ್ದರೆ ಅನ್ನಿಸಿ ಅಳು ಬಂತು. ಅಳುವಾಗ ಕೆಮ್ಮೂ ಬಂತು. ನೋಯಿತು, ನುಂಗಲಿಲ್ಲ.